ಬಾಂಡ್ ಪೇಪರ್ ಡಿವೋರ್ಸ್: ಮುಗೀತು ಅಂದುಕೊಂಡಿದ್ದು ಮುಗಿದಿರಲ್ಲ

ನಮ್ಮ ಕಡೆ ಡಿವೋರ್ಸ್ ಅನ್ನೋ ಪದವನ್ನ ಯಾರೂ ಜೋರಾಗಿ ಹೇಳಲ್ಲ. "ಬಿಟ್ಟಾರಂತೆ" ಅಂತಾರೆ. "ಹರಕೊಂಡಾರಂತೆ" ಅಂತಾರೆ. ಇನ್ನೂ ಸ್ವಲ್ಪ ತಿಳಿದವರು "ಪೇಪರ್ ಆಗೇತಂತೆ" ಅಂತಾರೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಯಾವ ಮದುವೆ ಮನೆಗೆ ಹೋದರೂ ಊಟದ ಪಂಕ್ತಿಯಲ್ಲಿ ಇಂಥದ್ದೊಂದು ಸುದ್ದಿ ಕಿವಿಗೆ ಬಿದ್ದೇ ಬೀಳುತ್ತೆ. ನಾನು ಬರೀತಿರೋದು ಆ ಮೂರನೇ ಮಾತಿನ ಬಗ್ಗೆ. ಪೇಪರ್ ಆಗೇತಿ ಅಂದರೆ ನಿಜವಾಗಿ ಏನು ಆಗಿರುತ್ತೆ, ಏನು ಆಗಿರಲ್ಲ ಅನ್ನೋದರ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲ ಅಲ್ಲ. ಊರು ಕೊಟ್ಟೂರು, ಓದಿದ್ದು ಇಂಜಿನಿಯರಿಂಗ್, ಕೆಲಸ ಬೆಂಗಳೂರಿನಲ್ಲಿ ಸಾಫ್ಟ್‌ವೇರ್. ಆದರೆ ಬಳಗದಲ್ಲಿ ಯಾರಿಗಾದರೂ ಕಾಗದ ಪತ್ರ ಅಂತ ಬಂದರೆ "ಅವನಿಗೆ ವಾಟ್ಸಾಪ್ ಮಾಡು, ಓದಿ ಹೇಳ್ತಾನ" ಅನ್ನೋ ಪದ್ಧತಿ ನಮ್ಮನೇಲಿದೆ. ಹಾಗೆ ಎರಡು ವರ್ಷದ ಹಿಂದೆ ನನ್ನ ಫೋನಿಗೆ ಬಂದ ಒಂದು ಕಾಗದದಿಂದ ಶುರುವಾಗಿ, ವಕೀಲರ ಆಫೀಸು, ಕೋರ್ಟಿನ ಕಾರಿಡಾರು, ಬ್ಯಾಂಕು, ನಾಡಕಚೇರಿ ಎಲ್ಲ ಓಡಾಡಿದೆ. ಆಗ ಗೊತ್ತಾಗಿದ್ದು, ಓದಿಕೊಂಡಿದ್ದು ಇಲ್ಲಿದೆ.

ಆ ಕಾಗದ ನಮ್ಮ ಚಿಕ್ಕಮ್ಮನ ಮಗಳದ್ದು. ಹಗರಿಬೊಮ್ಮನಹಳ್ಳಿ ಹುಡುಗಿ, ಹರಪನಹಳ್ಳಿಗೆ ಕೊಟ್ಟಿದ್ದರು. ಎರಡು ವರ್ಷ ಸಂಸಾರ ನಡೀತು, ಆಮೇಲೆ ನಡೀಲಿಲ್ಲ. ಕಾರಣ ಇಲ್ಲಿ ಬೇಡ. ಹಿರಿಯರು ಕೂಡ್ಲಿಗಿಯಲ್ಲಿ ಸಂಬಂಧಿಕರ ಮನೆಯಲ್ಲಿ ಕೂತು ಪಂಚಾಯ್ತಿ ಮಾಡಿದರು. ಒಂದು ಛಾಪಾ ಕಾಗದ ತಂದು, ಟೈಪ್ ಮಾಡಿಸಿ, ನಾಲ್ಕು ಲಕ್ಷ ಕೊಟ್ಟು, ಎರಡೂ ಕಡೆಯ ಸಾಕ್ಷಿಗಳ ಸಹಿ ಹಾಕಿಸಿ, ನೋಟರಿ ಸೀಲು ಒತ್ತಿಸಿದರು. "ಇಂದಿನಿಂದ ನಮ್ಮಿಬ್ಬರಿಗೂ ಗಂಡ ಹೆಂಡತಿ ಎಂಬ ಸಂಬಂಧ ಇರುವುದಿಲ್ಲ, ಇಬ್ಬರೂ ತಮ್ಮ ಇಚ್ಛೆಯಂತೆ ಮರುಮದುವೆ ಆಗಬಹುದು" ಅಂತ ಅದರಲ್ಲಿತ್ತು. ಕಾಗದ ನೋಡಿದರೆ ಭಾಳ ಗಟ್ಟಿ ಅನ್ನಿಸುತ್ತೆ. ಸೀಲು ಕೆಂಪಗೆ, ದುಂಡಗೆ.

ಮೂರು ವರ್ಷ ಕಳೆದ ಮೇಲೆ ಹಡಗಲಿ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ಸರ್ಕಾರಿ ನೌಕರ. ಅವನ ತಂದೆ ಒಂದೇ ಪ್ರಶ್ನೆ ಕೇಳಿದರು: "ಕೋರ್ಟ್ ಆರ್ಡರ್ ಐತೇನ್ರಿ?" ನಮ್ಮವರು ಹೆಮ್ಮೆಯಿಂದ ಪೇಪರ್ ತೋರಿಸಿದರು. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ ವಾಪಸ್ ಕೊಟ್ಟು, "ಇದರ ಮ್ಯಾಲೆ ಮದುವಿ ಮಾಡಾಕ ಬರಂಗಿಲ್ರಿ" ಅಂದರಂತೆ. ಮನೆಯಲ್ಲಿ ಎಲ್ಲರಿಗೂ ಅವಮಾನ ಆದಂಗಾಯ್ತು. ನನಗೆ ಮಾತ್ರ ಆ ಹಿರಿಯರ ಮೇಲೆ ಇವತ್ತಿಗೂ ಗೌರವ.

ಪೇಪರ್ ಯಾಕೆ ಸಾಲಲ್ಲ

ಹಿಂದೂ ವಿವಾಹ ಕಾಯ್ದೆ, 1955ರ ಪ್ರಕಾರ ಆದ ಮದುವೆಯನ್ನ ಮುರಿಯೋ ಅಧಿಕಾರ ಕೋರ್ಟಿಗಿದೆ. ಗಂಡ ಹೆಂಡತಿ ಇಬ್ಬರೂ ಖುಷಿಯಿಂದಲೇ ಒಪ್ಪಿ ಸಹಿ ಹಾಕಿದ್ದರೂ ಆ ಸಹಿ ಒಂದು ಒಪ್ಪಂದ ಅಷ್ಟೇ, ವಿಚ್ಛೇದನ ಅಲ್ಲ. ನೋಟರಿ ಸೀಲು ಹೇಳೋದು "ಇವರು ನನ್ನ ಮುಂದೆ ಸಹಿ ಹಾಕಿದರು" ಅಂತ ಮಾತ್ರ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಕಾನೂನು ಇಲಾಖೆ, ನೋಟರಿಗಳು ಮದುವೆಯ ಪತ್ರವನ್ನಾಗಲಿ ವಿಚ್ಛೇದನದ ಪತ್ರವನ್ನಾಗಲಿ ಮಾಡಿಕೊಡುವಂತಿಲ್ಲ ಅಂತ ಸ್ಪಷ್ಟವಾಗಿ ತಿಳಿಸಿದೆ.

ಹಾಗಾದರೆ ನಮ್ಮ ಹಿರಿಯರು ಹೇಳೋ "ನಮ್ಮಲ್ಲಿ ಹಿಂದಿನಿಂದ ಹಿಂಗೇ ನಡಕೊಂಡು ಬಂದೈತಿ" ಅನ್ನೋ ಮಾತು? ಅದು ಪೂರ್ತಿ ಸುಳ್ಳಲ್ಲ, ಗೊಂದಲ ಇರೋದೂ ಅಲ್ಲೇ. ಅದೇ ಕಾಯ್ದೆಯ 29(2)ನೇ ಕಲಂ, ಸಮುದಾಯದ ಪದ್ಧತಿಯ ಪ್ರಕಾರ ವಿಚ್ಛೇದನ ಪಡೆಯೋ ಹಕ್ಕನ್ನ ಉಳಿಸಿದೆ. ನಮ್ಮ ಭಾಗದ ಎಷ್ಟೋ ಸಮುದಾಯಗಳಲ್ಲಿ ಬಿಡುಗಡೆ, ಉಡಿಕೆ ಎಲ್ಲ ಹಳೇ ರೂಢಿಗಳೇ. ಆದರೆ ಪದ್ಧತಿ ಇದೆ ಅಂತ ಹೇಳಿದರೆ ಸಾಲದು, ಸಾಬೀತು ಮಾಡಬೇಕು. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನ ಹೇಳಿತು: ಪದ್ಧತಿಯ ವಿಚ್ಛೇದನ ಸಾಮಾನ್ಯ ಕಾನೂನಿಗೆ ಒಂದು ಅಪವಾದ, ಅದು ಇದೆ ಅನ್ನೋರೇ ಅದನ್ನ ನಿರ್ದಿಷ್ಟವಾಗಿ ಹೇಳಿ ಪುರಾವೆ ಕೊಡಬೇಕು. ಯಾವ ಸಮುದಾಯ, ಎಷ್ಟು ಕಾಲದಿಂದ, ಯಾವ ರೀತಿ, ಯಾರ ಮುಂದೆ, ಇದಕ್ಕೆಲ್ಲ ಸಾಕ್ಷಿ ಬೇಕು. ಪಂಚಾಯ್ತಿ ಮಾಡಿದ ಅಜ್ಜ ಹೋಗಿ ಹತ್ತು ವರ್ಷ ಆಗಿದ್ದರೆ ಯಾರನ್ನ ಕರೀತೀರಿ?

ಇಲ್ಲಿ ಒಂದು ಮಾತು ಕೂಡ್ಲಿಗಿ ಕಡೆಯ ಓದುಗರಿಗೆ. ಆ ವಿಧಾನಸಭಾ ಕ್ಷೇತ್ರವೇ ಪರಿಶಿಷ್ಟ ಪಂಗಡಕ್ಕೆ ಮೀಸಲು, ಅಷ್ಟು ದೊಡ್ಡ ಸಂಖ್ಯೆಯಲ್ಲಿ ಆ ಸಮುದಾಯದವರಿದ್ದಾರೆ. ಹಿಂದೂ ವಿವಾಹ ಕಾಯ್ದೆಯ 2(2)ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡದವರಿಗೆ ಈ ಕಾಯ್ದೆ ಅನ್ವಯ ಆಗಲ್ಲ. ಅಂದರೆ ಅಲ್ಲಿ ಪದ್ಧತಿಗೆ ಹೆಚ್ಚು ತೂಕ ಇದೆ. ಆದರೆ ಪುರಾವೆಯ ಹೊರೆ ಅಲ್ಲೂ ತಪ್ಪಿದ್ದಲ್ಲ. ನಿಮ್ಮ ವಕೀಲರನ್ನ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ನಮಗೆ ಯಾವ ಕಾನೂನು ಅನ್ವಯಿಸುತ್ತೆ? ಪದ್ಧತಿಯ ಪ್ರಕಾರ ಬಿಡುಗಡೆ ಆಗಿದ್ದರೆ, ಕೋರ್ಟಿನಿಂದ ಅದನ್ನ ಘೋಷಣೆ ಮಾಡಿಸಿಕೊಳ್ಳೋ ದಾರಿ ಇದೆ. ತಾಂಡಾಗಳ ಗೆಳೆಯರಿಗೆ ಈ ವಿನಾಯಿತಿ ಇಲ್ಲ. ಕರ್ನಾಟಕದಲ್ಲಿ ಲಂಬಾಣಿ ಸಮುದಾಯ ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದೆ, ಪಂಗಡದ ಪಟ್ಟಿಯಲ್ಲಲ್ಲ.

ಮುಸ್ಲಿಂ ಕುಟುಂಬಗಳಲ್ಲೂ ಹಳೇ ನಂಬಿಕೆಯೊಂದು ಉಳಿದುಕೊಂಡಿದೆ. ಒಂದೇ ಉಸಿರಿನ ಮೂರು ತಲಾಖ್ 2017ರ ಆಗಸ್ಟ್‌ನಲ್ಲೇ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯ್ತು. 2019ರ ಕಾಯ್ದೆ ಅದನ್ನ ಅಪರಾಧ ಮಾಡಿ ಮೂರು ವರ್ಷದವರೆಗೆ ಶಿಕ್ಷೆ ಇಟ್ಟಿದೆ. ವಾಟ್ಸಾಪಿನಲ್ಲಿ ಬರೆದರೂ ಅಷ್ಟೇ. ತಲಾಖ್ ಆದ ಹೆಣ್ಣುಮಗಳು ಜೀವನಾಂಶದ ಸಾಮಾನ್ಯ ಕಾನೂನಿನ ಕೆಳಗೆ ಅರ್ಜಿ ಹಾಕಬಹುದು ಅಂತ 2024ರ ಜುಲೈ 10ರಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಹೇಳಿದೆ.

ಇನ್ನೆರಡು ಮಾತು ಪದೇ ಪದೇ ಕೇಳಿದ್ದೀನಿ. "ಏಳು ವರ್ಷ ಬ್ಯಾರೆ ಇದ್ರ ತಾನೇ ಬಿಟ್ಟೋಗ್ತತಿ." ಇಲ್ಲ. ಇಪ್ಪತ್ತು ವರ್ಷ ಬೇರೆ ಇದ್ದರೂ ತಾನಾಗೇ ಬಿಟ್ಟುಹೋಗಲ್ಲ. ಏಳು ವರ್ಷ ಬದುಕಿರೋ ಸುದ್ದಿಯೇ ಇಲ್ಲದಿದ್ದರೆ ಅದು ವಿಚ್ಛೇದನ ಕೇಳೋಕೆ ಒಂದು ಕಾರಣ ಅಷ್ಟೇ, ಕೇಳಬೇಕಾಗಿರೋದು ಕೋರ್ಟಿನಲ್ಲೇ. ಎರಡನೇದು, "ಸಾಮೂಹಿಕ ಮದುವ್ಯಾಗ ಆಗಿದ್ದು, ರಿಜಿಸ್ಟರ್ ಮಾಡಿಸಿಲ್ಲ, ಅದಕ್ಕ ಡಿವೋರ್ಸ್ ಬ್ಯಾಡ." ಇದು ಇನ್ನೂ ಅಪಾಯದ ಮಾತು. ಶಾಸ್ತ್ರ, ಸಂಪ್ರದಾಯದ ಪ್ರಕಾರ ತಾಳಿ ಕಟ್ಟಿದ್ದರೆ ಮದುವೆ ಮದುವೆಯೇ. ನೋಂದಣಿ ಆಗಿಲ್ಲ ಅನ್ನೋ ಒಂದೇ ಕಾರಣಕ್ಕೆ ಅದು ಇಲ್ಲವಾಗಲ್ಲ.

ಬರೀ ಪೇಪರ್ ನಂಬಿ ಮದುವೆಯಾದರೆ

ಮೊದಲ ಮದುವೆ ಕಾನೂನಿನಲ್ಲಿ ಜೀವಂತ ಇರೋವಾಗ ಎರಡನೇದು ಶೂನ್ಯ. ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ ಪ್ರಕಾರ ದ್ವಿಪತ್ನಿತ್ವಕ್ಕೆ ಏಳು ವರ್ಷದವರೆಗೆ ಜೈಲು. ಪದ ದ್ವಿಪತ್ನಿತ್ವ ಅಂತಿದ್ದರೂ ಹೆಂಗಸರಿಗೂ ಇದು ಅನ್ವಯಿಸುತ್ತೆ. ಕೇಸು ಹಾಕೋರು ಯಾರು ಅಂತ ಕೇಳಬಹುದು. ನಾಲ್ಕು ಲಕ್ಷ ತಗೊಂಡು ಸುಮ್ಮನಾದವರು, ಕೊಟ್ಟು ಸುಮ್ಮನಾದವರು ಹಾಗೇ ಇರ್ತಾರೆ ಅಂತ ಯಾವ ಗ್ಯಾರಂಟಿಯೂ ಇಲ್ಲ. ಊರಲ್ಲಿ ಜಮೀನಿನ ಜಗಳ ಶುರುವಾದ ದಿನ ಹಳೇ ಪೇಪರ್ ಹೊರಗೆ ಬರುತ್ತೆ.

ಜೈಲಿಗಿಂತ ಹೆಚ್ಚಾಗಿ ನನ್ನನ್ನ ಕಾಡಿದ್ದು ದುಡ್ಡಿನ ಕಡೆಯ ಪರಿಣಾಮ. ಗಂಡ ತೀರಿಕೊಂಡರೆ ಕುಟುಂಬ ಪಿಂಚಣಿ, ಗ್ರಾಚ್ಯುಟಿ, ಅನುಕಂಪದ ನೌಕರಿ ಎಲ್ಲಕ್ಕೂ ಮೊದಲು ನಿಲ್ಲೋದು ಕಾನೂನಿನ ಪ್ರಕಾರ ಹೆಂಡತಿ ಆದವಳು. ಹತ್ತು ಹದಿನೈದು ವರ್ಷ ಸಂಸಾರ ಮಾಡಿದ ಎರಡನೆಯವಳು ಆಫೀಸಿನಿಂದ ಆಫೀಸಿಗೆ ಅಲೀಬೇಕು. ಮಕ್ಕಳ ವಿಷಯಕ್ಕೆ ನಮ್ಮ ರಾಜ್ಯದಿಂದಲೇ ಹೋದ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ಪ್ರಕರಣ ಇದೆ, 2023ರ ಸೆಪ್ಟೆಂಬರ್ 1ರ ತೀರ್ಪು. ಶೂನ್ಯ ಮದುವೆಯ ಮಕ್ಕಳು ಕಾನೂನುಬದ್ಧರೇ, ಪಿತ್ರಾರ್ಜಿತ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಏನು ಬರುತ್ತೋ ಅದರಲ್ಲಿ ಅವರಿಗೂ ಹಕ್ಕಿದೆ, ಆದರೆ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದ ಬರೋ ಪಾಲುದಾರಿಕೆ ಇಲ್ಲ. ದೊಡ್ಡ ಸಮಾಧಾನದ ತೀರ್ಪು, ನಿಜ. ಆದರೆ ಅಲ್ಲಿವರೆಗೆ ಬರೋಕೆ ಎಷ್ಟು ವರ್ಷ ಹಿಡೀತು ನೋಡಿ: ಅದೇ ಪ್ರಕರಣ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದಿದ್ದದ್ದು 2011ರಲ್ಲಿ.

ನಮ್ಮ ತಂಗಿಯ ವಿಷಯ ಸುಲಭವಾಗಿ ಬಗೆಹರೀತು, ಯಾಕಂದರೆ ಆ ಕಡೆ ಹುಡುಗನಿಗೂ ಮದುವೆ ಆಗಬೇಕಿತ್ತು. ಇಬ್ಬರೂ ಸೇರಿ 13ಬಿ ಕಲಂ ಕೆಳಗೆ, ಅಂದರೆ ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಿದರು. ಇದಕ್ಕೆ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು ಅನ್ನೋದು ನಿಯಮ. ಆದರೆ ಒಂದೂವರೆ ವರ್ಷಕ್ಕಿಂತ ಹೆಚ್ಚು ಬೇರೆ ಇದ್ದು, ದುಡ್ಡು, ಮಕ್ಕಳ ವಿಷಯ ಎಲ್ಲ ತೀರ್ಮಾನವಾಗಿ, ರಾಜಿಯ ಪ್ರಯತ್ನವೂ ಮುಗಿದಿದ್ದರೆ ಆ ಆರು ತಿಂಗಳನ್ನ ಕೋರ್ಟ್ ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಅದನ್ನೇ ಕೇಳಿದ್ವಿ, ಸಿಕ್ಕಿತು. ಹಳೇ ಬಾಂಡ್ ಪೇಪರ್ ಪೂರ್ತಿ ದಂಡ ಆಗಲಿಲ್ಲ. ಯಾವಾಗಿಂದ ಬೇರೆ ಇದ್ದಾರೆ, ಎಷ್ಟು ದುಡ್ಡು ಕೈಬದಲಾಗಿದೆ ಅನ್ನೋದಕ್ಕೆ ಅದು ಒಂದು ದಾಖಲೆಯಾಯ್ತು. ಹಡಗಲಿಯವರು ಆದೇಶದ ದೃಢೀಕೃತ ಪ್ರತಿ ನೋಡಿದ ಮೇಲೇ ದಿನ ಗೊತ್ತು ಮಾಡಿದರು.

ಎಲ್ಲಿ ಅರ್ಜಿ ಹಾಕಬೇಕು ಅನ್ನೋದರಲ್ಲೂ ಒಂದು ಭಯ ಇದೆ. "ಗಂಡನ ಊರಿಗೇ ಹೋಗಿ ಹಾಕಬೇಕು" ಅಂತ. ಹೆಂಡತಿ ಅರ್ಜಿದಾರಳಾದರೆ ತಾನು ಸದ್ಯ ಇರೋ ಜಾಗದ ಕೋರ್ಟಿನಲ್ಲೇ ಹಾಕಬಹುದು. 2003ರಿಂದ ಈ ಅನುಕೂಲ ಇದೆ. ಮದುವೆ ಆದ ಊರು, ಕೊನೆಗೆ ಜೊತೆಯಲ್ಲಿದ್ದ ಊರು, ಎದುರು ಪಕ್ಷದವರು ಇರೋ ಊರು, ಇವೂ ಆಗುತ್ತೆ. ಕೌಟುಂಬಿಕ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟು. ಬೆಂಗಳೂರಿನಲ್ಲಿ ಸಂಸಾರ ಮಾಡಿದವರು ಊರಿಗೆ ಬಂದು ತವರಿನಲ್ಲಿದ್ದರೆ, ಪ್ರತಿ ತಾರೀಖಿಗೂ ರಾತ್ರಿ ಬಸ್ ಹತ್ತಬೇಕು ಅಂತೇನಿಲ್ಲ.

"ಅರ್ಧ ಆಸ್ತಿ ಹೋಗ್ತತಿ"

ನನ್ನ ಆಫೀಸಿನ ಹುಡುಗರದ್ದು ಈ ಭಯ. ಅಮೆರಿಕದ ಸುದ್ದಿ, ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ಬಂದಿದ್ದು. ನಮ್ಮ ದೇಶದಲ್ಲಿ ಮದುವೆಯ ನಂತರ ಸಂಪಾದಿಸಿದ್ದೆಲ್ಲ ಅರ್ಧರ್ಧ ಅನ್ನೋ ಕಾನೂನು ಇಲ್ಲ. ಆ ದಿಕ್ಕಿನಲ್ಲಿ ಒಂದು ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿತ್ತು, ಲೋಕಸಭೆಯ ಅವಧಿ ಮುಗಿದು ಬಿದ್ದುಹೋಯ್ತು. ಯಾರ ಹೆಸರಲ್ಲಿದೆಯೋ ಅವರದ್ದು. ಇದನ್ನ ಕೇಳಿ ಹುಡುಗರು ನಿಟ್ಟುಸಿರು ಬಿಡ್ತಾರೆ. ಹೆಣ್ಣುಮಕ್ಕಳು ಗಮನಿಸಬೇಕಾಗಿರೋದೂ ಇದನ್ನೇ: ಇಎಂಐ ಅರ್ಧ ನೀವು ಕಟ್ಟುತ್ತಾ ಫ್ಲಾಟು ಅವರೊಬ್ಬರ ಹೆಸರಲ್ಲಿದ್ದರೆ, ನಿಮ್ಮ ಖಾತೆಯ ಸ್ಟೇಟ್‌ಮೆಂಟುಗಳೇ ನಿಮಗೆ ಆಧಾರ. ಜೋಪಾನ ಮಾಡಿ.

ಆಸ್ತಿಯಲ್ಲಿ ಪಾಲಿಲ್ಲ ಅಂದರೆ ಜೀವನಾಂಶ ಇಲ್ಲ ಅಂತ ಅಲ್ಲ. ಎರಡನ್ನೂ ಒಂದೇ ಅಂತ ತಿಳಿಯೋದೇ ತಪ್ಪು. ಜಮೀನು, ಸಂಬಳ, ಬಾಡಿಗೆ ಎಲ್ಲವನ್ನೂ ನೋಡಿ ಕೋರ್ಟ್ ಜೀವನಾಂಶ ನಿಗದಿ ಮಾಡುತ್ತೆ. ಇಲ್ಲಿ ನಮ್ಮ ಕಡೆಯ ಪ್ರಸಿದ್ಧ ಉಪಾಯ ಒಂದಿದೆ: "ಪಹಣಿ ಅಪ್ಪನ ಹೆಸರಿನಾಗ ಐತಿ, ನನ್ನ ಹೆಸರಿಗೆ ಏನೂ ಇಲ್ಲ." ಕೇಸು ಹತ್ತಿರ ಬಂದಂಗೆ ಅಣ್ಣನ ಹೆಸರಿಗೆ, ಅವ್ವನ ಹೆಸರಿಗೆ ಜಮೀನು ಬದಲಾಗೋದೂ ಉಂಟು.

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಕೊಟ್ಟ ರಜನೀಶ್–ನೇಹಾ ತೀರ್ಪನ್ನ ಓದಿದಾಗ ನನಗೆ ನಮ್ಮೂರೇ ಕಣ್ಣಮುಂದೆ ಬಂತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ಪೂರ್ತಿ ಪ್ರಮಾಣಪತ್ರ ಕೊಡಲೇಬೇಕು ಅಂತ ಅದು ಹೇಳಿತು. ಸಂಬಳದವರಿಗೆ ಒಂದು ನಮೂನೆ, ಕೃಷಿಕರಿಗೆ ಬೇರೆಯೇ ನಮೂನೆ. ಕೃಷಿಕರ ನಮೂನೆಯಲ್ಲಿ ಏನೇನು ಕೇಳ್ತಾರೆ ಗೊತ್ತಾ? ಜಮೀನು ಎಷ್ಟು, ಅದರಲ್ಲಿ ನಿಮ್ಮ ಪಾಲೆಷ್ಟು, ಎಲ್ಲಿದೆ, ಖುಷ್ಕಿಯೋ ತರಿಯೋ, ಯಾವ ಬೆಳೆ, ಕಳೆದ ಮೂರು ವರ್ಷದ ಆದಾಯ ಎಷ್ಟು, ಲಾವಣಿಗೆ ಹಿಡಿದ ಹೊಲ ಇದೆಯಾ, ಎಮ್ಮೆ, ಆಕಳು, ಆಡು, ಕೋಳಿ ಎಷ್ಟಿವೆ, ಅವುಗಳಿಂದ ಏನು ಬರುತ್ತೆ, ಜಮೀನಿನ ಮೇಲೆ ಸಾಲ ಎಷ್ಟು. ತುಂಗಭದ್ರೆಯ ನೀರು ಕಾಣೋ ಹಡಗಲಿ ಹೊಲಕ್ಕೂ ಮಳೆ ನಂಬಿದ ಕೂಡ್ಲಿಗಿ ಹೊಲಕ್ಕೂ ಇರೋ ವ್ಯತ್ಯಾಸ ಆ ಒಂದು ಪ್ರಶ್ನೆಯಲ್ಲಿ ಬಂದುಬಿಡುತ್ತೆ. ನಿಜಕ್ಕೂ ಕಷ್ಟದಲ್ಲಿರೋ ರೈತನಿಗೂ ಇದರಿಂದ ಅನುಕೂಲವೇ, ಮೂರು ವರ್ಷದ ಬರ ಆ ಕಾಗದದಲ್ಲಿ ಕಾಣುತ್ತೆ. ಸುಳ್ಳು ಬರೆದರೆ ಅದು ಕೋರ್ಟಿಗೆ ಹೇಳಿದ ಸುಳ್ಳು.

ಅದೇ ತೀರ್ಪಿನ ಇನ್ನೊಂದು ಮಾತು ಇನ್ನೂ ಎಷ್ಟೋ ಜನಕ್ಕೆ ತಲುಪಿಲ್ಲ. ಜೀವನಾಂಶ ಲೆಕ್ಕ ಹಾಕೋದು ಆದೇಶ ಬಂದ ದಿನದಿಂದ ಅಲ್ಲ, ಅರ್ಜಿ ಹಾಕಿದ ದಿನದಿಂದ. "ಕೇಸು ಎಳೀರಿ, ಸುಸ್ತಾಗಿ ಬಿಡ್ತಾಳ" ಅಂತ ಸಲಹೆ ಕೊಡೋ ಹಿತೈಷಿಗಳಿಗೆ ಇದನ್ನ ಓದಿಸಿ. ಎಳೆದಷ್ಟೂ ಬಾಕಿ ಬೆಳೆಯುತ್ತೆ.

ಶೇಕಡಾವಾರು ಲೆಕ್ಕ ಕೇಳೋರಿಗೆ: ನಿವ್ವಳ ಸಂಬಳದ ಶೇ 25 ಅಂತ 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅದು ಆ ಪ್ರಕರಣಕ್ಕೆ ನ್ಯಾಯ ಅನ್ನಿಸಿದ ಅಳತೆ. ಎಲ್ಲರಿಗೂ ಅನ್ವಯಿಸೋ ಸೂತ್ರ ಅಲ್ಲ, ಎಕ್ಸೆಲ್‌ನಲ್ಲಿ ಹಾಕಿ ಎಂಟರ್ ಒತ್ತೋಕೆ ಬರಲ್ಲ. ನನ್ನಂಥೋರಿಗೆ ಇದು ಸ್ವಲ್ಪ ಕಿರಿಕಿರಿ.

"ಡಿಗ್ರಿ ಆಗೇತಿ, ದುಡೀಬೌದು, ಯಾಕ ಕೊಡಬೇಕು?" ಅನ್ನೋ ವಾದವನ್ನೂ ಕೋರ್ಟುಗಳು ಹಾಗೇ ಒಪ್ಪಲ್ಲ. ದುಡಿಯೋ ಸಾಮರ್ಥ್ಯ ಬೇರೆ, ನಿಜವಾಗಿ ದುಡಿಯೋದು ಬೇರೆ. ದುಡಿತಿದ್ದರೂ ಆ ಆದಾಯ ಮದುವೆಯಲ್ಲಿದ್ದಾಗಿನ ಬದುಕಿಗೆ ಸಾಲುತ್ತಾ ಅಂತ ನೋಡ್ತಾರೆ. ಹಾಗಂತ ಬೆಂಗಳೂರಿನಲ್ಲಿ ಗಂಡನಷ್ಟೇ ಸಂಬಳ ತಗೊಳ್ಳೋ ಹೆಂಡತಿಗೆ ದೊಡ್ಡ ಮೊತ್ತ ಸಿಗುತ್ತೆ ಅಂತಲೂ ಇಲ್ಲ. ಹಿಂದೂ ವಿವಾಹ ಕಾಯ್ದೆಯ 24, 25ನೇ ಕಲಂಗಳಲ್ಲಿ ಆದಾಯ ಇಲ್ಲದ ಗಂಡನೂ ಹೆಂಡತಿಯಿಂದ ಕೇಳಬಹುದು. ಊರ ಕಟ್ಟೆಯ ಮೇಲೆ ಇದನ್ನ ಹೇಳಿದರೆ ನಗ್ತಾರೆ, ಕಾನೂನಿನಲ್ಲಂತೂ ಇದೆ.

ಇನ್ನು ಬಾಂಡ್ ಪೇಪರಿನಲ್ಲಿ ತಪ್ಪದೇ ಇರೋ ಸಾಲು: "ಮುಂದೆ ಯಾವುದೇ ಜೀವನಾಂಶ ಕೇಳುವುದಿಲ್ಲ." ಕೋರ್ಟಿನ ಹೊರಗೆ ಬರೆದ ಈ ಸಾಲು ಹೆಂಡತಿಯ ಕೈ ಪೂರ್ತಿ ಕಟ್ಟಿಹಾಕಲ್ಲ. ಒಪ್ಪಿಗೆಯಿಂದ ವಿಚ್ಛೇದನ ಪಡೆದವಳೂ, ತನ್ನನ್ನ ತಾನು ಸಾಕಿಕೊಳ್ಳಲಾಗದಿದ್ದರೆ, ಮರುಮದುವೆ ಆಗದಿರೋವರೆಗೆ ಜೀವನಾಂಶ ಕೇಳಬಹುದು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆಗಿನ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಂ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ ಆಗಿದೆ. ಕೊಡೋ ಕಡೆಯವರಿಗೂ ಇದು ಮುಖ್ಯ. ಹೊಲ ಮಾರಿ ನಾಲ್ಕು ಲಕ್ಷ ನಗದಾಗಿ ಕೊಟ್ಟು, ಬರೀ ಪಂಚಾಯ್ತಿ ಸಾಕ್ಷಿ ಇಟ್ಟುಕೊಂಡರೆ ನಾಳೆ ಕೋರ್ಟಿನಲ್ಲಿ ಅದನ್ನ ಸಾಬೀತು ಮಾಡೋದೇ ಒಂದು ಕೇಸಾಗುತ್ತೆ. ಡಿಡಿ ಅಥವಾ ಬ್ಯಾಂಕ್ ವರ್ಗಾವಣೆ ಮಾಡಿ, ಅರ್ಜಿಯಲ್ಲೇ ಮೊತ್ತ ಬರೆಸಿ. ಒಪ್ಪಿಗೆಯ ಅರ್ಜಿಯಲ್ಲಿ ಅಂತಿಮ ಆದೇಶದವರೆಗೂ ಯಾರು ಬೇಕಾದರೂ ಹಿಂದೆ ಸರೀಬಹುದು. ಹಾಗಾಗಿ ಪೂರ್ತಿ ದುಡ್ಡನ್ನ ಮೊದಲ ದಿನವೇ ಕೊಡದೆ, ಒಂದು ಭಾಗ ಅರ್ಜಿಯ ದಿನ, ಉಳಿದದ್ದು ಕೊನೆಯ ದಿನ ಕೋರ್ಟಿನಲ್ಲೇ ಕೊಡೋದು ರೂಢಿ.

ಬಂಗಾರ ಮತ್ತು ತವರಿನ ಪಾಲು

ಮದುವೆಗೆ ಹಾಕಿದ ಬಂಗಾರ ನಮ್ಮಲ್ಲಿ ಬಹಳ ಸಲ ಎಲ್ಲಿರುತ್ತೆ? ಬ್ಯಾಂಕಿನಲ್ಲಿ, ಗಂಡನ ಹೆಸರಿನ ಸಾಲಕ್ಕೆ ಅಡ. ಬೋರ್‌ವೆಲ್ ಕೊರೆಸೋಕೆ, ಬೀಜ ಗೊಬ್ಬರಕ್ಕೆ, ನಾದಿನಿ ಮದುವೆಗೆ. ಹೆಂಡತಿಗೆ ತವರಿನಿಂದಲೂ ಗಂಡನ ಮನೆಯಿಂದಲೂ ಉಡುಗೊರೆಯಾಗಿ ಬಂದ ಬಂಗಾರ ಸ್ತ್ರೀಧನ, ಅದು ಅವಳೊಬ್ಬಳದೇ. ಅದು ಜಂಟಿ ಆಸ್ತಿ ಅಲ್ಲ, ಕಷ್ಟಕ್ಕೆ ಬಳಸಿಕೊಂಡರೂ ಗಂಡ ವಾಪಸ್ ಕೊಡಬೇಕು ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೊಂದರೆ ಬರೋದು ಪುರಾವೆಯಲ್ಲಿ. ಅಂಗಡಿ ಬಿಲ್ಲು, ಮದುವೆ ಫೋಟೋ, ವಿಡಿಯೋ, ಅಡವಿಟ್ಟ ರಸೀದಿ, ಇಷ್ಟಿದ್ದರೆ ಮಾತಿಗೆ ಬಲ. ನಮ್ಮ ತಂಗಿಯ ಮದುವೆ ಆಲ್ಬಂ ಇಟ್ಟುಕೊಂಡು ನಾನೂ ಚಿಕ್ಕಮ್ಮನೂ ಒಂದು ಇಡೀ ಭಾನುವಾರ ಕೂತು ಪಟ್ಟಿ ಮಾಡಿದ್ವಿ: ಎರಡೆಳೆ ಸರ, ಬಳೆ, ಝುಮುಕಿ. ಹುಡುಗನ ಕಡೆಯವರು ಮಾತಿಲ್ಲದೆ ಒಪ್ಪಿಕೊಂಡರು. ಪಂಚಾಯ್ತಿಯಲ್ಲಿ ಬಂಗಾರದ ಮಾತೇ ಬಂದಿರಲಿಲ್ಲ.

ತವರಿನ ಪಾಲಿನ ಬಗ್ಗೆ ಹೇಳದಿದ್ದರೆ ಈ ಲೆಕ್ಕ ಅಪೂರ್ಣ. ಬಿಟ್ಟುಬಂದ ಮಗಳಿಗೆ ಅಣ್ಣತಮ್ಮಂದಿರು "ನಿನ್ನ ಮದುವಿಗೆ ಖರ್ಚು ಮಾಡೀವಲ್ಲ, ಅದ ನಿನ್ನ ಪಾಲು" ಅಂತಾರೆ. ಮದುವೆ ಖರ್ಚು ಪಾಲಲ್ಲ. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಆಗ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನ ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ಅದು ಹುಟ್ಟಿನಿಂದ ಬರೋ ಹಕ್ಕು, 2005ರಲ್ಲಿ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನಿನಂತೆ ಆದ ವಿಭಾಗಗಳನ್ನ ಮಾತ್ರ ಕೆದಕೋಕೆ ಬರಲ್ಲ. ಮದುವೆ, ವಿಚ್ಛೇದನ ಯಾವುದೂ ಈ ಪಾಲನ್ನ ಬದಲಿಸಲ್ಲ. ಬದಲಿಸೋದು ಒಂದೇ, ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೀವೇ ಸಹಿ ಹಾಕಿದ ಹಕ್ಕು ಬಿಡುಗಡೆ ಪತ್ರ. ಹಬ್ಬಕ್ಕೆ ಕರೆದು ಸೀರೆ ಕೊಟ್ಟು ಸಹಿ ತಗೊಳ್ಳೋದು ನಮ್ಮೂರ ಕಡೆ ಹೊಸದೇನಲ್ಲ. ಇಲ್ಲೂ ಪರಿಶಿಷ್ಟ ಪಂಗಡದ ಹೆಣ್ಣುಮಕ್ಕಳು ಹೊರಗೇ ಉಳಿದಿದ್ದಾರೆ, ಉತ್ತರಾಧಿಕಾರ ಕಾಯ್ದೆಯಲ್ಲೂ ಅದೇ 2(2)ನೇ ಕಲಂ ಇದೆ. ಅದನ್ನ ಬದಲಿಸೋ ಬಗ್ಗೆ ಯೋಚಿಸಿ ಅಂತ ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಕೇಂದ್ರಕ್ಕೆ ಹೇಳಿದೆ.

ಮಕ್ಕಳಿದ್ದರೆ ಇನ್ನೊಂದು ಕಾಗದದ ಮೇಲೆ ಕಣ್ಣಿಡಿ: ಗಂಡನ ಕಡೆಯ ವಂಶವೃಕ್ಷ. ಅಪ್ಪ ಅಮ್ಮ ಬೇರೆಯಾದರೂ ಪಿತ್ರಾರ್ಜಿತ ಜಮೀನಿನಲ್ಲಿ ಮಗುವಿನ ಪಾಲು ಹಾಗೇ ಇರುತ್ತೆ. ನಾಡಕಚೇರಿಗೆ ಕೊಡೋ ವಂಶವೃಕ್ಷದಲ್ಲಿ ಮಗುವಿನ ಹೆಸರು ಬಿಟ್ಟು ಪೌತಿ ಖಾತೆ ಮಾಡಿಸಿಕೊಂಡರೆ ಹದಿನೆಂಟು ವರ್ಷ ಆದ ಮೇಲೆ ಆ ಮಗು ಕೋರ್ಟು ಹತ್ತಬೇಕು. "ಮಗುವಿಗೂ ಏನೂ ಬೇಡ" ಅಂತ ಅಮ್ಮ ಬರೆದುಕೊಟ್ಟರೆ, ಮಗುವಿನ ಜೀವನಾಂಶದ ಹಕ್ಕು ಅಷ್ಟಕ್ಕೇ ಹೋಗಿಬಿಡಲ್ಲ. ಅದು ಮಗುವಿನದ್ದು.

ಆದೇಶ ಬಂದ ಮೇಲೆ

ಕೋರ್ಟ್ ಆದೇಶವನ್ನ ಬ್ಯಾಂಕು ಓದಿಕೊಂಡು ಸಾಲ ಮನ್ನಾ ಮಾಡಲ್ಲ. ಜಂಟಿ ಗೃಹಸಾಲದಲ್ಲಿ ಇಬ್ಬರ ಹೆಸರಿದ್ದರೆ, "ಇಎಂಐ ಅವನೇ ಕಟ್ಟಬೇಕು" ಅಂತ ಆದೇಶದಲ್ಲಿದ್ದರೂ ಕಂತು ತಪ್ಪಿದಾಗ ಇಬ್ಬರ ಸಿಬಿಲ್ ಸ್ಕೋರೂ ಬೀಳುತ್ತೆ. ಸಾಲವನ್ನ ಒಬ್ಬರ ಹೆಸರಿಗೆ ಬದಲಾಯಿಸೋ ಕೆಲಸವನ್ನ ವಿಚ್ಛೇದನದ ಮಾತುಕತೆಯ ಜೊತೆಗೇ ಮುಗಿಸಿ.

ಪಿಎಫ್, ಗ್ರಾಚ್ಯುಟಿ, ವಿಮೆ, ಮ್ಯೂಚುವಲ್ ಫಂಡ್, ಡಿಮ್ಯಾಟ್, ಎಲ್ಲದರ ನಾಮಿನಿ ಬೇರೆ ಬೇರೆ ಕಡೆ ಇರುತ್ತೆ, ತಾನಾಗೇ ಬದಲಾಗಲ್ಲ. ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆ, 1874ರ ಕೆಳಗೆ ಹೆಂಡತಿಗಾಗಿ ಮಾಡಿಸಿದ ಟರ್ಮ್ ಪಾಲಿಸಿ ಇದ್ದರೆ ಅದರ ಫಲಾನುಭವಿಯನ್ನ ನಿಮ್ಮಿಷ್ಟಕ್ಕೆ ತೆಗೆಯೋಕೆ ಬರಲ್ಲ ಅನ್ನೋದು ತಲೆಯಲ್ಲಿರಲಿ. ತೆರಿಗೆಯ ವಿಷಯದಲ್ಲಿ, ತಿಂಗಳು ತಿಂಗಳು ಬರೋ ಜೀವನಾಂಶವನ್ನ ಪಡೆಯೋರ ಆದಾಯ ಅಂತ ನೋಡ್ತಾರೆ, ಒಂದೇ ಸಲ ಬರೋ ಇಡಿಗಂಟನ್ನ ಹಾಗೆ ನೋಡಲ್ಲ. ಕೊಡೋರಿಗೆ ಎರಡರಲ್ಲೂ ತೆರಿಗೆ ವಿನಾಯಿತಿ ಇಲ್ಲ. ಯಾವ ರೀತಿ ಕೊಡಬೇಕು, ತಗೋಬೇಕು ಅಂತ ತೀರ್ಮಾನಿಸೋ ಮೊದಲೇ ಈ ಲೆಕ್ಕ ಹಾಕಿ.

ವಕೀಲರ ಫೀಸಿಗೆ ಹೆದರಿಯೇ ಬಾಂಡ್ ಪೇಪರಿಗೆ ಹೋಗೋರು ತುಂಬಾ ಜನ. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತೆ. ಫೋನಿನಲ್ಲೇ ಕೇಳೋದಾದರೆ 15100. ಹೋಗುವಾಗ ಮದುವೆ ಆಮಂತ್ರಣ ಪತ್ರಿಕೆ, ಫೋಟೋ, ಇಬ್ಬರ ಆಧಾರ್, ಮಕ್ಕಳ ಜನನ ಪ್ರಮಾಣಪತ್ರ, ಪಹಣಿ ಇದ್ದರೆ ಅದು, ಮತ್ತೆ ಮನೆಯಲ್ಲಿ ಎಲ್ಲೋ ಮಡಚಿಟ್ಟಿರೋ ಆ ಹಳೇ ಬಾಂಡ್ ಪೇಪರನ್ನೂ ತಗೊಂಡು ಹೋಗಿ.